ಚೆಲ್ಲದ ಚಹಾ

"ತಲೆ ಬಗ್ಗಿಸಿ, ಮೊನ್ಮಾ ಸಾನ್! ಆ ತೊಲೆ ಈಗಾಗ್ಲೇ ಇಬ್ಬರು ಪೊಲೀಸರ ಹಣೆ ವಿಚಾರಿಸ್ಕೊಂಡಿದೆ."

ಅವಳು ಹೇಳುವಷ್ಟರಲ್ಲಿ ನನ್ನ ಹೆಲ್ಮೆಟ್ಟು ಠಣ್ ಎಂದಿತ್ತು. ಇಗರಶಿ ಹಿಂತಿರುಗಿಯೂ ನೋಡದೆ ಕಿಸಕ್ಕನೆ ನಕ್ಕಳು. ಮೂವತ್ತು ದಾಟದ ಎಂಜಿನಿಯರು, ಕಟ್ಟಡದ ಅಡಿಯಲ್ಲಿ ಸ್ವಂತ ಹಿತ್ತಿಲೆಂಬಂತೆ ಓಡಾಡುತ್ತಾಳೆ. ನನಗೆ ಅರವತ್ತು ದಾಟಿದೆ. ನನ್ನ ಮೊಣಕಾಲು ಒಮ್ಮೆ ಮಡಚಿಕೊಂಡರೆ ಮತ್ತೆ ಬಿಚ್ಚಿಸಲು ದೇವರನ್ನೇ ಕರೆಯಬೇಕು.

ಹದಿನಾಲ್ಕು ಮಹಡಿಗಳ ಸಂಸಾರ, ಅಕ್ಕಿ ಡಬ್ಬ, ಪಿಯಾನೊ, ಮುದುಕರು, ಕೂಸುಗಳು, ಎಲ್ಲವೂ ನಮ್ಮ ನೆತ್ತಿಯ ಮೇಲಿದ್ದವು. ಅಷ್ಟೂ ಭಾರ ಕೂತದ್ದು ತಬ್ಬಿದರೆ ಕೈಗೆ ಕೈ ಸಿಗದಷ್ಟು ದಪ್ಪನೆಯ ರಬ್ಬರಿನ ದಿಂಡುಗಳ ಮೇಲೆ. ಸೆಂದಾಯಿ ಊರಿನ ಮಿಕ್ಕ ಮನೆಗಳೆಲ್ಲ ನೆಲವನ್ನು ಕಚ್ಚಿ ಹಿಡಿದುಕೊಂಡಿದ್ದರೆ ಈ ಕಟ್ಟಡ ಮಾತ್ರ ನೆಲದ ಸಹವಾಸವೇ ಬೇಡವೆಂದು ಒಂದು ಕೈ ದೂರ ಇಟ್ಟುಕೊಂಡಿದೆ.

"ಇಗೋ, ನೀವು ನೋಡ್ಬೇಕು ಅಂದಿದ್ದು," ಎಂದು ಅವಳು ಟಾರ್ಚು ಬಿಟ್ಟಳು.

ಮೇಲಿನ ತೊಲೆಯಿಂದ ಒಂದು ಉಕ್ಕಿನ ಮೊಳೆ ಇಳಿಬಿದ್ದಿತ್ತು. ಅದರ ಮೊನೆಯ ಕೆಳಗೆ ನೆಲಕ್ಕೆ ಬಿಗಿದ ಲೋಹದ ಹಲಗೆ. ಕಟ್ಟಡ ಸರಿದರೆ ಮೊಳೆ ಹಲಗೆಯ ಮೇಲೆ ಗೀರುತ್ತದೆ, ಅಷ್ಟೆ. ಕರೆಂಟು ಬೇಡ, ಕಂಪ್ಯೂಟರು ಬೇಡ. ಹಲಗೆಯ ಮೇಲೆ ಮಗುವೊಂದು ಮೊದಲ ಸಲ ಬಳಪ ಹಿಡಿದು ಗೀಚಿದಂಥ ದೊಡ್ಡ ದೊಡ್ಡ ಸುತ್ತುಗಳಿದ್ದವು.

"ಇದು ಆ ದಿನದ್ದಾ?"

"ಅದೇ. ಹೊರಗೆ ನೆಲ ಹುಚ್ಚು ಹಿಡಿದ ಹಾಗೆ ಕುಕ್ಕಿತಲ್ಲ, ಆ ಕುಕ್ಕುವಿಕೆಯನ್ನೆಲ್ಲ ಈ ರಬ್ಬರು ನುಂಗಿಬಿಡ್ತು. ಮೇಲಿನವರಿಗೆ ಬರೀ ತೂಗಿದ್ದು ಗೊತ್ತಾಗಿರುತ್ತೆ. ಆ ಕಡೆ ಇಷ್ಟು, ಈ ಕಡೆ ಇಷ್ಟು. ನಿಧಾನ, ಆದರೆ ಸುಮಾರು ಹೊತ್ತು. ನೆಲ ನಿಂತ ಮೇಲೂ ಇದು ತೂಗ್ತಾನೇ ಇರುತ್ತೆ."

"ಒಬ್ಬ ಮುದುಕಿ ಅದರಿಂದ ಬಿದ್ದು ಸೊಂಟ ಮುರ್ಕೊಳ್ಳಬಹುದಾ?"

ಇಗರಶಿ ಹೆಲ್ಮೆಟ್ಟು ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡಳು. "ಬೀಳಲ್ಲ ಅಂತ ನಾನು ಪ್ರಮಾಣ ಮಾಡಲ್ಲ. ಮನುಷ್ಯರು ಸುಮ್ಮನೆ ನಿಂತಲ್ಲೂ ಬೀಳ್ತಾರೆ. ಆದರೆ ಭೂಕಂಪ ಅವರನ್ನ ಎತ್ತಿ ಹಾಕ್ತು ಅಂತ ಯಾರಾದ್ರೂ ಹೇಳಿದ್ರೆ ನಗ್ತೀನಿ. ಇಡೀ ಕಟ್ಟಡದಲ್ಲಿ ಒಂದು ಹೂದಾನಿ ಉರುಳಿಲ್ಲ, ಗೊತ್ತಾ? ಮೂರನೇ ಮಹಡಿಯ ಅಜ್ಜಿ ಆಗ ಸೂಜಿಗೆ ದಾರ ಪೋಣಿಸ್ತಿದ್ರಂತೆ. ಪೋಣಿಸಿ ಮುಗಿಸಿದ್ರಂತೆ!"

ಅವಳು ನಗುವೆನೆಂದ ಮಾತನ್ನೇ ಠಾಣೆಯವರು ಹೇಳಿದ್ದರು: ಭೂಕಂಪ, ಗಾಬರಿ, ಬಿದ್ದರು, ಸತ್ತರು. ಕಡತ ಮುಚ್ಚಿತು.

ಒಂಬತ್ತನೆಯ ಮಹಡಿಯ ಮಸುಯೆ ಶಿಶಿದೊ ಬಿದ್ದ ಕೂಡಲೇ ಸತ್ತಿರಲಿಲ್ಲ. ನನಗಿದನ್ನು ಹೇಳಿದವರು ಶವ ಪರೀಕ್ಷೆ ಮಾಡಿದ ವೈದ್ಯರು. ಸೊಂಟದ ಮೂಳೆ ಮುರಿದು, ಏಳಲಾಗದೆ, ಮರುದಿನದವರೆಗೂ ಆ ಮನೆಯ ನೆಲದ ಮೇಲೆ ಜೀವ ಹಿಡಿದುಕೊಂಡಿದ್ದರು. ಯಾರಾದರೂ ಬಾಗಿಲು ತಟ್ಟಿದ್ದರೆ ಉಳಿಯುತ್ತಿದ್ದರು. ಯಾರೂ ತಟ್ಟಲಿಲ್ಲ. ಏಕೆಂದರೆ ಬಾಗಿಲ ಹಿಡಿಗೆ ಬಿಳಿ ಟವೆಲು ಕಟ್ಟಿತ್ತು.

ಬಿಳಿ ಟವೆಲೆಂದರೆ ನಮ್ಮ ಕಡೆ ಒಂದೇ ಅರ್ಥ. ನೆಲ ನಡುಗಿ ನಿಂತ ಮೇಲೆ ಮನೆಯವರು ಅದನ್ನು ಬಾಗಿಲಿಗೆ ಕಟ್ಟುತ್ತಾರೆ. ಕ್ಷೇಮವಾಗಿದ್ದೇವೆ, ನೀವು ಮುಂದಿನ ಮನೆ ನೋಡಿ ಎಂದು. ಕಟ್ಟದ ಬಾಗಿಲನ್ನು ಮಾತ್ರ ತಟ್ಟುತ್ತಾರೆ, ಒಡೆಯುತ್ತಾರೆ. ಕಟ್ಟಿದ ಬಾಗಿಲ ಮುಂದೆ ಯಾರೂ ನಿಲ್ಲುವುದಿಲ್ಲ.

ಆ ದಿನ ಅಲ್ಲಿ ನಿಲ್ಲದೆ ಮುಂದೆ ಹೋದವರ ಹೆಸರು ಒಯಿಕಾವಾ. ನನ್ನನ್ನು ಈ ಕೆಲಸಕ್ಕೆ ಹಚ್ಚಿದವರು ಅವರೇ.

ಮೇಲೆ ಹತ್ತಿ ಬಂದಾಗ ಬಿಸಿಲಿಗೆ ಕಣ್ಣು ಕುಕ್ಕಿತು. ಕಟ್ಟಡಕ್ಕೂ ಊರಿನ ನೆಲಕ್ಕೂ ನಡುವೆ ಸುತ್ತಲೂ ಒಂದು ಸಂದು ಬಿಟ್ಟಿದ್ದಾರೆ, ಅದು ಸರಿದಾಡಲಿ ಎಂದು. ಸಂದಿನ ಮೇಲೆ ಲೋಹದ ತಗಡುಗಳನ್ನು ಹೊದಿಸಿದ್ದಾರೆ. ಕಾಲಿಟ್ಟರೆ ದಡಕ್ ಎನ್ನುತ್ತದೆ.

"ಶಿಶಿದೊ ಅಜ್ಜಿ ಈ ತಗಡು ದಾಟ್ತಿರಲಿಲ್ಲ," ಎಂದಳು ಇಗರಶಿ, ಈಗ ನಗದೆ. "ನಾನು ಪರೀಕ್ಷೆಗೆ ಬಂದಾಗೆಲ್ಲ ನೋಡ್ತಿದ್ದೆ. ಇಲ್ಲೀ ತನಕ ಬಂದು ನಿಲ್ಲೋರು. ತರಕಾರಿಯವನು ಈಚೆ, ಅವರು ಆಚೆ. ಕೈ ಚಾಚಿ ತಗೊಳ್ಳೋರು. 'ಬನ್ನಿ ಅಜ್ಜಿ, ನದಿ ದಡಕ್ಕೆ ಹೋಗಿ ಬರೋಣ' ಅಂದ್ರೆ, 'ಆ ನೆಲ ನನ್ನ ಗಂಡನ್ನ ತಿಂದಿದೆ, ನಾನು ಬರಲ್ಲ' ಅನ್ನೋರು."

ವರ್ಷಗಳ ಹಿಂದಿನ ಆ ದೊಡ್ಡ ಭೂಕಂಪದಲ್ಲಿ ಅವರ ಗಂಡ ಹಳೆಯ ಮನೆಯ ಬೀರುವಿನ ಅಡಿ ಸಿಕ್ಕಿ ಸತ್ತಿದ್ದರು. ಆಮೇಲೆ ಈ ಮನೆಗೆ ಬಂದ ಮಸುಯೆ ಮತ್ತೆ ಊರಿಗೆ ಕಾಲಿಡಲಿಲ್ಲ. ಆ ತಗಡು ಅವರಿಗೆ ಲಕ್ಷ್ಮಣರೇಖೆ. ಸೀತೆಗಾದರೂ ಅದನ್ನು ಇನ್ನೊಬ್ಬರು ಎಳೆದಿದ್ದರು, ಈಕೆ ತಾವೇ ಎಳೆದುಕೊಂಡರು.

ಒಯಿಕಾವಾ ಕೆಳಗಿನ ಬೆಂಚಿನ ಮೇಲೆ ಕೂತಿದ್ದರು. ಪಕ್ಕದ ಬೆಂಚಿನಲ್ಲಿ ನಾಲ್ಕು ಜನ ಮುದುಕರು ಒತ್ತಿಕೊಂಡು ಕೂತಿದ್ದರು. ಇವರ ಬೆಂಚಿನಲ್ಲಿ ಇವರೊಬ್ಬರೇ. ಯಾರೂ ಬೈದಿಲ್ಲ. ನಮ್ಮವರು ಬೈಯುವುದಿಲ್ಲ, ತಲೆ ಬಾಗಿಸಿ ನಮಸ್ಕರಿಸಿ ಬೇರೆ ಬೆಂಚಿಗೆ ಹೋಗುತ್ತಾರೆ. ಅದಕ್ಕಿಂತ ನಾಲ್ಕು ಬೈಗುಳ ಎಷ್ಟೋ ಮೇಲು.

ಟ್ಯಾಕ್ಸಿ ಓಡಿಸಿ ನಿವೃತ್ತರಾದ ಮನುಷ್ಯ. ಹೆಂಡತಿ ಇಲ್ಲ. ಏಳನೆಯ ಮಹಡಿಯಲ್ಲಿ ವಾಸ, ನೆಲ ನಡುಗಿದರೆ ಏಳರಿಂದ ಒಂಬತ್ತನೆಯ ಮಹಡಿಯವರೆಗೆ ಬಾಗಿಲುಗಳನ್ನು ನೋಡಿ ಬರುವ ಪಾಳಿ ಅವರದು.

"ಏನಂದ್ಲು ಎಂಜಿನಿಯರ್ ಹುಡುಗಿ?" ಎಂದು ಕೇಳಿದರು.

"ಭೂಕಂಪ ಅವರನ್ನ ಬೀಳಿಸಿಲ್ಲ ಅಂದ್ಲು."

ಅವರು ಸುಮ್ಮನೆ ತಲೆಯಾಡಿಸಿದರು. ಆಮೇಲೆ ನನಗೆ ಹತ್ತಾರು ಸಲ ಹೇಳಿದ್ದನ್ನೇ ಮತ್ತೆ ಹೇಳಿದರು. "ಆ ಟವೆಲು ಅವರು ಕಟ್ಟಿದ್ದಲ್ಲ, ಮೊನ್ಮಾ ಸಾನ್. ಅವರ ಬೆರಳು ಸೊಟ್ಟಗಾಗಿದ್ವು, ಗಂಟು ಹಾಕಕ್ಕೆ ಬರ್ತಿರಲಿಲ್ಲ. ಪ್ರತಿ ಸಲ ಬಟ್ಟೆ ಕ್ಲಿಪ್ಪು ಸಿಕ್ಕಿಸೋರು. ಆವತ್ತು ಗಂಟು ಇತ್ತು. ಬಿಗಿಯಾದ ಗಂಟು. ನಾನು ನೋಡ್ದೆ, ಕಣ್ಣು ನೋಡ್ತು, ತಲೆಗೆ ಹೋಗಲಿಲ್ಲ. ಮುಂದೆ ಹೋಗ್ಬಿಟ್ಟೆ."

"ಒಳಗಿಂದ ಏನೂ ಕೇಳಿಸಲಿಲ್ವಾ?"

"ಅದೇ ನನಗೆ ಬೇಕಾಗಿರೋದು!" ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಒಯಿಕಾವಾ ದನಿ ತಗ್ಗಿಸಿದರು. "ಅವರು ಆಗಲೇ ಬಿದ್ದಿದ್ರಾ? ನನ್ನ ಹೆಜ್ಜೆ ಸದ್ದು ಕೇಳಿ ಕೂಗಿದ್ರಾ? ಇದೊಂದು ಗೊತ್ತಾಗದೆ ನನಗೆ ಅನ್ನ ಇಳಿಯಲ್ಲ. ನಾನು ಅವರ ಹೊಸ್ತಿಲು ಒಂದು ದಿನ ದಾಟಿದೋನಲ್ಲ. ಲಿಫ್ಟಲ್ಲಿ ಸಿಕ್ಕಿದ್ರೆ ನಮಸ್ಕಾರ, ಅಷ್ಟೇ. ಆದರೂ ಅವರನ್ನ ಸಾಯಿಸಿದೋನು ನಾನೇ ಅನ್ಸುತ್ತೆ."

ಇದೇ ನನ್ನ ಕೆಲಸ. ಟವೆಲು ಕಟ್ಟಿದವರನ್ನು ಹುಡುಕಬೇಕು, ಈ ಮುದುಕನ ಎದೆಯ ಮೇಲಿನ ಕಲ್ಲು ಇಳಿಸಬೇಕು. ನಿವೃತ್ತಿಯ ತನಕದ ಪೊಲೀಸು ನೌಕರಿಯಲ್ಲಿ ಯಾರ ಪರವಾಗಿಯೂ ಮನಸ್ಸು ವಾಲಿಸಿದವಳಲ್ಲ ನಾನು. ಇಲ್ಲಿ ವಾಲಿಸಿದ್ದೆ. ಸುಳ್ಳು ಯಾಕೆ ಹೇಳಲಿ, ಕಾರಣ ಮೂಲಂಗಿ ಸಾರು. ಕೆಲಸ ಒಪ್ಪಿದ ಮೊದಲ ಸಂಜೆ ವಿವರ ಕೇಳಲು ಅವರ ಮನೆಗೆ ಹೋದೆ. ಅವರು ಕೇಳದೆಯೇ ನನಗೂ ಒಂದು ಬಟ್ಟಲು ಬಡಿಸಿದರು. ಮರುದಿನವೂ ಹೋದೆ. ಕಡಲ ದಡದ ನಮ್ಮ ಊರು ಖಾಲಿಯಾಗಿ, ಗಂಡನೂ ಹೋಗಿ, ನಾನು ಈ ಸೆಂದಾಯಿಗೆ ಬಂದ ಮೇಲೆ ಇನ್ನೊಬ್ಬರು ನನಗೆಂದು ಒಲೆ ಹಚ್ಚಿದ್ದು ಅದೇ ಮೊದಲು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂದಿತ್ತು. ಸಾರಿನ ಹಬೆ ಎಂದುಕೊಂಡು ಸುಮ್ಮನಾದೆ.

"ಇವತ್ತು ಅವರ ಮಗಳನ್ನ ನೋಡಿ ಬರ್ತೀನಿ," ಎಂದೆ.

ಒಯಿಕಾವಾ ಕೈಯ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು. "ಆ ಹುಡುಗೀನ ಯಾಕೆ ನೋಯಿಸ್ತೀರಿ? ಎಷ್ಟೋ ವರ್ಷದಿಂದ ಬಂದೇ ಇಲ್ಲ ಅಂತಾರೆ. ಅವಳಿಗೇನು ಗೊತ್ತಿರುತ್ತೆ, ಬಿಡಿ."

"ಒಂದು ಊದುಬತ್ತಿ ಹಚ್ಚಿ ಬರ್ತೀನಿ. ಅಷ್ಟೇ."

"ರಾತ್ರಿ ಊಟಕ್ಕೆ ಬರ್ತೀರಲ್ಲ?"

"ಬರದೆ ಇರ್ತೀನಾ?" ಎಂದೆ.

*

ನಾಗಾಮಾಚಿಯ ಆ ಬೀದಿಯಲ್ಲಿ ಹೆಂಚಿಗಿಂತ ನೀಲಿ ಟಾರ್ಪಾಲೇ ಹೆಚ್ಚು ಕಾಣುತ್ತಿತ್ತು. ಗೋಡೆಗಳು ಬಿರಿದಿದ್ದವು. ಮಸುಯೆಯ ಮಗಳು ನಾಹೊ ಇದ್ದದ್ದು ಮರದ ಹಳೆಯ ವಠಾರದ ನೆಲಮಹಡಿಯಲ್ಲಿ. ಗೇಟಿನ ಬಳಿ ಒಡೆದ ಹೆಂಚು ಗುಡಿಸುತ್ತಿದ್ದ ಮನೆಯೊಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ವಿಮೆಯವರಾ?"

"ಅಲ್ಲ."

"ಹಾಗಾದ್ರೆ ಒಳಗೆ ಹೋಗಿ. ವಿಮೆಯವರಾಗಿದ್ರೆ ಇದೇ ಪೊರಕೆಯಲ್ಲಿ ಬಾರಿಸ್ತಿದ್ದೆ. ಫೋನಲ್ಲಿ ನಾಳೆ ನಾಳೆ ಅಂತ ಕೊಲ್ತಾರೆ."

ನಾಹೊ ಬಾಗಿಲು ತೆರೆದಳು. ನಲವತ್ತೈದರ ಆಸುಪಾಸು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಬಿಸಿನೀರಿನಲ್ಲಿ ನೆಂದು ನೆಂದು ಕೆಂಪಾದ ಕೈಗಳು. ನಾನು ತಂದ ಸಿಹಿಯ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒಳಕ್ಕೆ ದಾರಿ ಬಿಟ್ಟಳು.

ಮೂಲೆಯ ಪೂಜೆಯ ಕಪಾಟಿನಲ್ಲಿ ಮಸುಯೆಯ ಫೋಟೊ ಇತ್ತು. ಯಾವುದೋ ಗುಂಪಿನ ಚಿತ್ರದಿಂದ ಕತ್ತರಿಸಿ ತೆಗೆದದ್ದು. ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಹಾಗೆಯೇ ಉಳಿದಿತ್ತು. ಒಂಟಿ ಫೋಟೊ ಕೂಡ ಇರಲಿಲ್ಲ ಆ ಒಂಟಿ ಹೆಂಗಸಿಗೆ. ನಾನು ಊದುಬತ್ತಿ ಹಚ್ಚಿ, ಗಂಟೆ ಮುಟ್ಟಿಸಿ, ಕೈ ಮುಗಿದೆ.

ತಿರುಗಿದಾಗ ನಾಹೊ ಚಹಾ ತಂದಿಟ್ಟಿದ್ದಳು, ಕಾಗದದ ಲೋಟದಲ್ಲಿ.

"ಕ್ಷಮಿಸಿ. ಮನೇಲಿದ್ದ ಬಟ್ಟಲು ಒಂದೂ ಉಳೀಲಿಲ್ಲ. ಇನ್ನೂ ಹೊಸದು ತರಕ್ಕಾಗಿಲ್ಲ."

"ನನ್ನದೂ ಅದೇ ಕಥೆ," ಎಂದೆ. "ಫ್ರಿಜ್ಜು ಗೋಡೆ ಬಿಟ್ಟು ನಡುಮನೆಗೆ ನಡ್ಕೊಂಡು ಬಂತು. 'ಏನಮ್ಮಾ ಬೇಕಿತ್ತು' ಅಂತ ಕೇಳೋಣ ಅನ್ಸಿತು."

ಆಕೆ ನಕ್ಕಳು. ಬಹಳ ದಿನಕ್ಕೆ ನಕ್ಕವರ ನಗೆ ಅದು, ಅರ್ಧಕ್ಕೇ ನಿಂತಿತು. ಭೂಕಂಪ ಆದ ಊರಿನಲ್ಲಿ ಜನ ಒಬ್ಬರನ್ನೊಬ್ಬರು ಕೇಳುವುದು ಊಟ ಆಯಿತಾ ಎಂದಲ್ಲ. ನಾನೂ ವಾಡಿಕೆಯಂತೆ ಕೇಳಿದೆ. ದೇವರಾಣೆ, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

"ಆಗ ಎಲ್ಲಿದ್ರಿ?"

"ಇಲ್ಲೇ. ಆವತ್ತು ರಜೆ." ಪೊಲೀಸರಿಗೂ ಇದನ್ನೇ ಹೇಳಿದ್ದಳು. "ಮೊದಲು ತಲೆಸುತ್ತು ಬಂತು ಅಂದ್ಕೊಂಡೆ. ಹಡಗಲ್ಲಿ ಕೂತ ಹಾಗೆ. ಪರದೆ ಮೆಲ್ಲಗೆ ಕಿಟಕಿ ಬಿಟ್ಟು ಈಚೆ ಬಂತು, ಮತ್ತೆ ಆಚೆ ಹೋಯ್ತು. ಸದ್ದೇ ಇಲ್ಲ. ಬಟ್ಟಲಲ್ಲಿ ಚಹಾ ಒಂದು ಕಡೆ ಏರೋದು, ಇನ್ನೊಂದು ಕಡೆ ಇಳಿಯೋದು. ಅದನ್ನೇ ನೋಡ್ತಾ ಕೂತಿದ್ದೆ. ಈಗ ಚೆಲ್ಲುತ್ತೆ, ಈಗ ಚೆಲ್ಲುತ್ತೆ ಅಂತ. ಚೆಲ್ಲಲೇ ಇಲ್ಲ. ಎಷ್ಟು ಹೊತ್ತು ತೂಗ್ತು ಅಂತೀರಿ, ಮುಗಿಯೋದೇ ಇಲ್ವೇನೋ ಅನ್ನೋ ಹಾಗೆ..."

ನಾನು ಕಾಗದದ ಲೋಟವನ್ನು ಕೆಳಗಿಟ್ಟೆ.

ಈ ಕೋಣೆಯ ಗೋಡೆಯಲ್ಲಿ ಬಿರುಕಿಗೆ ಟೇಪು ಅಂಟಿಸಿತ್ತು. ಬೀರುವಿನ ಬಾಗಿಲು ಕಳಚಿ, ದಾರದಲ್ಲಿ ಕಟ್ಟಿತ್ತು. ಚಾಪೆಯ ಮೇಲೆ ಟಿವಿ ಬಿದ್ದ ಗುರುತು. ಇಲ್ಲಿ ಕೂತವರು ಪರದೆ ನೋಡುತ್ತಿರಲಿಲ್ಲ, ತಲೆಯ ಮೇಲೆ ದಿಂಬು ಹಿಡಿದು ಮೇಜಿನ ಅಡಿ ತೂರುತ್ತಿದ್ದರು.

ಕೇಳದೆ ಹೊರಟುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ತಾಯಿ ಸತ್ತ ಹೆಣ್ಣು, ಬಿರುಕು ಬಿಟ್ಟ ಮನೆ. ಆದರೆ ಪಕ್ಕದ ಬೆಂಚು ತುಂಬಿದ್ದರೂ ತನ್ನ ಬೆಂಚಿನಲ್ಲಿ ಒಬ್ಬನೇ ಕೂತ ಆ ಮುದುಕ ಕಣ್ಣ ಮುಂದೆ ಬಂದ.

"ನಾಹೊ ಸಾನ್," ಎಂದೆ. "ಆ ಬಟ್ಟಲು ಎಲ್ಲಿ?"

"ಯಾವ ಬಟ್ಟಲು?"

"ಚಹಾ ಚೆಲ್ಲದ್ದು."

"ಒಡೆದು..." ಎಂದವಳು ಅಲ್ಲಿಗೇ ನಿಂತಳು. ಕೈ ಬಾಯಿಗೆ ಹೋಯಿತು.

"ಈ ಮನೇಲಿ ಆವತ್ತು ಟಿವಿ ಹಾರಿ ಬಿದ್ದಿದೆ. ನಿಮ್ಮ ಚಹಾ ಮಾತ್ರ ಚೆಲ್ಲಲಿಲ್ಲ ಅಂತೀರಿ. ಹಡಗಿನ ಹಾಗೆ ತೂಗಿದ ಮನೆ ನಿಮ್ಮ ಬಳಗದಲ್ಲಿ ಒಂದೇ ಇದೆ. ಅದು ಒಂಬತ್ತನೇ ಮಹಡೀಲಿದೆ."

"ನಾನು ಅಲ್ಲಿಗೆ ಹೋಗಿಲ್ಲ!"

"ಅಮ್ಮಾ, ನಾನು ಈಗ ಪೊಲೀಸಲ್ಲ. ಪೊಲೀಸರ ಹತ್ರ ಏನು ಬೇಕಾದ್ರೂ ಹೇಳ್ಕೊಳ್ಳಿ. ನಿಮ್ಮಮ್ಮನ ಫೋಟೊ ಮುಂದೆ ಕೂತಿದ್ದೀವಿ, ಇಲ್ಲಿ ಬೇಡ."

ಗೋಡೆಯಾಚೆ ಮನೆಯೊಡತಿಯ ಪೊರಕೆ ಬರ್ ಬರ್ ಎನ್ನುತ್ತಿತ್ತು. ನಾಹೊ ಊದುಬತ್ತಿಯ ಹೊಗೆಯನ್ನೇ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ, ಸಿಟ್ಟಾದಳು.

"ನಗ್ತಿದ್ರು!" ಎಂದಳು. "ಕಿಟಕಿ ಹೊರಗೆ ಎದುರಿನ ಕಟ್ಟಡದ ಗೋಡೆ ಕಳಚಿ ಬೀಳ್ತಿದೆ, ಜನ ಕಿರುಚ್ತಿದ್ದಾರೆ, ಅಮ್ಮ ಆ ಬಟ್ಟಲು ತೋರಿಸಿ ನಗ್ತಿದ್ರು. 'ನೋಡು ನಾಹೊ, ಒಂದು ಹನಿ ಚೆಲ್ಲಲ್ಲ. ಇಲ್ಲಿಗೇ ಬಂದ್ಬಿಡು, ಇಬ್ಬರೂ ಇರೋಣ.' ನನಗೆ ಮೈಯೆಲ್ಲ ಉರಿದುಹೋಯ್ತು. ನನ್ನ ಶಸ್ತ್ರಚಿಕಿತ್ಸೆಗೆ ಬರಲಿಲ್ಲ ಅಮ್ಮ. ಮದುವೆ ಮುರಿದು ಬಿದ್ದಾಗ ಬರಲಿಲ್ಲ. ಆ ದರಿದ್ರ ತಗಡು ದಾಟಬೇಕಲ್ಲ! ಅದಕ್ಕೇ ನಾನೂ ಹೋಗೋದು ಬಿಟ್ಟಿದ್ದೆ. ಅಷ್ಟು ವರ್ಷದ ಮೇಲೆ ಆವತ್ತು ಹೋಗಿದ್ದೆ, ಯಾಕೋ ನೋಡ್ಬೇಕು ಅನ್ಸಿತ್ತು."

"ಆಮೇಲೆ?"

"'ನಿಮ್ಮ ತೊಟ್ಟಿಲಲ್ಲಿ ನೀವೇ ಮಲ್ಕೊಳ್ಳಿ' ಅಂದೆ. ಎದ್ದು ಬಂದೆ. ನೆಲ ಇನ್ನೂ ತೂಗ್ತಾನೇ ಇತ್ತು, ಗೋಡೆ ಹಿಡ್ಕೊಂಡು ಬಂದೆ."

"ಅಮ್ಮ ಬಿದ್ದಿದ್ರಾ ಆಗ?"

"ಇಲ್ಲ! ನಿಂತಿದ್ರು, ಬಾಗಿಲ ತನಕ ಹಿಂದೇನೇ ಬಂದ್ರು. ಜಗಳದ ಮಧ್ಯೆನೂ ಏನಂದ್ರು ಗೊತ್ತಾ? 'ಹೋಗ್ತಾ ಆ ಟವೆಲು ಕಟ್ಟಿ ಹೋಗು, ನನ್ನ ಬೆರಳಿಗೆ ಆಗಲ್ಲ. ಇಲ್ಲದಿದ್ರೆ ಸುಮ್ಮನೆ ಬಂದು ತಟ್ತಾರೆ.' ಕಟ್ಟಿದೆ. ಸಿಟ್ಟಲ್ಲಿ ಎಳೆದು ಬಿಗಿದೆ."

ಆಕೆ ತನ್ನ ಕೆಂಪು ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

"ಪೊಲೀಸರಿಗೆ ಹೇಗೆ ಹೇಳಲಿ? ಅಮ್ಮನ ಬಾಗಿಲನ್ನ ನಾನೇ ಮುಚ್ಚಿ ಬಂದೆ ಅಂತ ಹೇಳ್ಲಾ?"

ನನಗೆ ಆಕೆಯ ಕೈ ಹಿಡಿಯಬೇಕೆನ್ನಿಸಿತು, ಹಿಡಿಯಲಿಲ್ಲ. ಅದರ ಜೊತೆಗೇ, ಹೇಳಲು ನಾಚಿಕೆಯಾಗುತ್ತದೆ, ಹೊಟ್ಟೆಯೊಳಗೆ ಹಗುರವಾಯಿತು. ಕೆಲಸ ಮುಗಿಯಿತು. ಟವೆಲು ಕಟ್ಟಿದ್ದು ಮಗಳು, ತಾಯಿಯೇ ಹೇಳಿ ಕಟ್ಟಿಸಿದ್ದು. ಮಸುಯೆ ಬಿದ್ದದ್ದು ಆಮೇಲೆ, ಯಾವಾಗಲೋ, ಯಾವುದೋ ಚಾಪೆಯ ಅಂಚು ಎಡವಿ. ಒಯಿಕಾವಾ ಆ ಬಾಗಿಲು ದಾಟುವಾಗ ಯಾರೂ ಕೂಗಿರಲಿಲ್ಲ. ಇವತ್ತು ರಾತ್ರಿ ಆ ಮನುಷ್ಯನಿಗೆ ಅನ್ನ ಇಳಿಯುತ್ತದೆ. ಮೂಲಂಗಿ ಸಾರಿನ ಆ ದೊಡ್ಡ ಪಾತ್ರೆಯ ಮುಂದೆ ಕೂತು ಹೇಗೆ ಹೇಳಬೇಕೆಂದು ಆಗಲೇ ಮಾತು ಜೋಡಿಸತೊಡಗಿದ್ದೆ.

"ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ," ಎಂದೆ. "ಅಮ್ಮ ಚೆನ್ನಾಗಿದ್ದಾಗ ಬಂದಿರಿ. ಅದನ್ನ ಯಾರೂ..."

"ವಾಪಸು ಹೋದೆ," ಎಂದಳು ನಾಹೊ.

"ಏನು?"

"ಕೆಳಗಿಳಿದು, ತಗಡು ದಾಟಿ, ಬೀದಿ ನೋಡಿದೆ. ಒಂದು ಮನೆ ಸರಿಯಾಗಿ ನಿಂತಿರಲಿಲ್ಲ. ಆಗ ಅರ್ಥ ಆಯ್ತು ಅಮ್ಮನ ಭಯ. ಕ್ಷಮೆ ಕೇಳಿ ಬರೋಣ ಅಂತ ತಿರುಗಿ ಮೆಟ್ಟಿಲು ಹತ್ತಿದೆ. ಲಿಫ್ಟು ನಿಂತಿತ್ತಲ್ಲ. ಎಂಟನೇ ಮಹಡಿ ತಿರುವಲ್ಲಿ ಒಬ್ಬರು ಮೇಲಿಂದ ಇಳಿದು ಬರ್ತಿದ್ರು. ವಯಸ್ಸಾದವರು. ನನ್ನ ಹೆಸರು ಹಿಡಿದು ಕರೆದ್ರು. 'ನಾಹೊ ಅಲ್ವಾ? ಅಮ್ಮ ಈಗಷ್ಟೇ ಕಣ್ಣು ಮುಚ್ಕೊಂಡ್ರು, ಸುಸ್ತಾಗಿದ್ದಾರೆ. ಎಬ್ಬಿಸ್ಬೇಡ. ನಾಳೆ ಬಾಮ್ಮ' ಅಂದ್ರು."

"ಯಾರು ಅವರು?"

"ಹೆಸರು ಗೊತ್ತಿಲ್ಲ. ತೋಳಿಗೆ ಹಳದಿ ಪಟ್ಟಿ ಕಟ್ಟಿದ್ರು, ಬಾಗಿಲು ನೋಡೋರು ಕಟ್ಟೋದು. ಕೈಯಲ್ಲಿ ಟ್ಯಾಕ್ಸಿಯವರ ಟೋಪಿ."

ಹೊರಗೆ ಪೊರಕೆಯ ಸದ್ದು ನಿಂತಿತ್ತು.

"ಒಳ್ಳೇದೇ ಆಯ್ತು ಅನ್ಸಿತು ನನಗೆ," ಎಂದಳು ನಾಹೊ. "ಕ್ಷಮೆ ಕೇಳೋ ಕಷ್ಟ ಒಂದು ದಿನ ಮುಂದಕ್ಕೆ ಹೋಯ್ತಲ್ಲ ಅಂತ. ತಿರುಗಿ ಬಂದ್ಬಿಟ್ಟೆ. ಮರುದಿನ ಶಾಲೇಲಿ ಮನೆ ಕಳ್ಕೊಂಡವರಿಗೆಲ್ಲ ಗಂಜಿ ಬೇಯಿಸ್ತಿದ್ದೆ, ಬಿಡುವೇ ಆಗಲಿಲ್ಲ. ಅಲ್ಲಿ ಅಮ್ಮ..."

"ಅವರು ಮೇಲಿಂದ ಬಂದ್ರು ಅಂದ್ರಲ್ಲ," ಎಂದೆ. "ಬರೀ ಬಾಗಿಲು ನೋಡಿಕೊಂಡು ಬಂದಿರಬಹುದು. ಹತ್ತು ಮನೆ ಬಾಗಿಲು ನೋಡ್ತಾರೆ ಅವರು. ನಿಮ್ಮಮ್ಮನ ಮನೆ ಒಳಗೆ ಹೋಗಿದ್ರು ಅಂತ ಹೇಗೆ ಹೇಳ್ತೀರಿ?"

"ಕಾಲು ನೋಡ್ದೆ. ತಲೆ ಬಾಗಿಸಿ ನಮಸ್ಕಾರ ಮಾಡಿದಾಗ ಕಣ್ಣಿಗೆ ಬಿತ್ತು. ಮೆಟ್ಟಿಲ ಮೇಲೆ ಮನೆಯೊಳಗಿನ ಚಪ್ಪಲಿ ಹಾಕ್ಕೊಂಡಿದ್ರು. ಯಾರಾದ್ರೂ ಹೊರಗೆ ಹಾಕ್ತಾರಾ ಅದನ್ನ? ಎಷ್ಟು ಅವಸರದಲ್ಲಿ ಆಚೆ ಬಂದಿದ್ರೋ. ಹಿಮ್ಮಡಿ ಹೊರಕ್ಕೆ ಚಾಚಿತ್ತು, ಅವರ ಅಳತೆಯದಲ್ಲ. ಅದು ಅಮ್ಮನ ಮನೆಯದು."

"ಚಪ್ಪಲಿ ಎಲ್ಲ ಒಂದೇ ಥರ ಇರುತ್ತೆ."

"ಅದು ಇರಲ್ಲ. ಶಾಲೇಲಿದ್ದಾಗ ನಾನೇ ಹೂ ಹೊಲಿದದ್ದು. ಕಂದು ಬಟ್ಟೆ, ಎಡಗಾಲಿನದಕ್ಕೆ ಒಂದು ಕೆಂಪು ಹೂ. ಬಲಗಾಲಿನದು ಹೊಲಿಯೋ ಹೊತ್ತಿಗೆ ಬೇಜಾರಾಯ್ತು, ಬಿಟ್ಟೆ. ಅಮ್ಮ ಅವನ್ನ ಯಾರಿಗೂ ಕೊಡ್ತಿರಲಿಲ್ಲ. ನಾನು ಬಂದಾಗ ಹಾಕ್ಕೊಳ್ಲಿ ಅಂತ ಇಟ್ಟಿದ್ರು, ಅಷ್ಟು ವರ್ಷ. ಆವತ್ತೂ ಬಾಗಿಲಲ್ಲಿ ಜೋಡಿಸಿಟ್ರು. ನಾನು ಹಾಕ್ಕೊಳ್ಳದೆ ಬರಿಗಾಲಲ್ಲಿ ಒಳಗೆ ಹೋದೆ."

ಈಗ ಅಳು ಬಂತು ಆಕೆಗೆ. ಮಗುವಿನಂತೆ ಮುಂಗೈಯಿಂದ ಮೂಗು ಒರೆಸಿಕೊಂಡಳು.

"ಒಂದೇ ಒಂದು ಹೇಳಿ, ಮೊನ್ಮಾ ಸಾನ್. ಆಗ ಅಮ್ಮ ಬದುಕಿದ್ರಾ? ಅವರ ಮಾತು ಕೇಳದೆ ನಾನು ಮೇಲೆ ಹೋಗಿದ್ರೆ, ಅಮ್ಮ ಉಳೀತಿದ್ರಾ?"

ಉತ್ತರ ನನಗೆ ಗೊತ್ತಿತ್ತು. ವೈದ್ಯರು ನನ್ನ ಮುಖಕ್ಕೇ ಹೇಳಿದ್ದರು. ಈ ಹೆಂಗಸಿಗೆ ಅದನ್ನು ಹೇಳುವುದೋ ಸುಳ್ಳು ಹೇಳುವುದೋ ಎಂದು ತೀರ್ಮಾನಿಸಬೇಕಿತ್ತು. ಆದರೆ ನನ್ನ ಕಣ್ಣು ನನ್ನ ಕಾಲ ಮೇಲೆಯೇ ನೆಟ್ಟಿತ್ತು.

ಆ ಚಪ್ಪಲಿ ಈ ಕಾಲುಗಳಿಗೆ ಗೊತ್ತಿತ್ತು: ಕಂದು ಬಟ್ಟೆ, ಎಡಗಾಲಿಗೆ ಮಾತ್ರ ಕೆಂಪು ಹೂ. ಬಲಗಾಲಿನ ಹೂ ಉದುರಿಹೋಗಿರಬೇಕು ಎಂದು ನಾನು ತಮಾಷೆ ಕೂಡ ಮಾಡಿದ್ದೆ. ಪ್ರತಿ ಸಂಜೆ ಒಯಿಕಾವಾ ತಮ್ಮ ಬಾಗಿಲಲ್ಲಿ ಮಂಡಿಯೂರಿ ಆ ಚಪ್ಪಲಿಗಳನ್ನು ನನ್ನ ಮುಂದೆ ಜೋಡಿಸಿಡುತ್ತಿದ್ದರು. ನಿನ್ನೆ ಸಂಜೆ, ನನ್ನ ಕಾಲು ಒಳಗೆ ಹೋದ ಮೇಲೆ, "ನೋಡಿ, ನಿಮಗೇ ಅಂತ ಮಾಡಿಸಿದ ಹಾಗಿದೆ" ಎಂದಿದ್ದರು.